ಡಬ್ಬಿಗೆ ಒಗ್ಗದ ಗಿರ್ಮಿಟ್

ನಮ್ಮ ಕಡೆ ಒಂದೊಂದು ಊರಿಗೂ ಒಂದೊಂದು ತಿನಿಸಿನ ಹೆಸರು ಅಂಟಿಕೊಂಡಿದೆ. ಧಾರವಾಡ ಅಂದ್ರೆ ಪೇಡೆ, ಗೋಕಾಕ ಅಂದ್ರೆ ಕರದಂಟು, ಬೆಳಗಾವಿ ಅಂದ್ರೆ ಕುಂದಾ. ಮೂರೂ ಸಿಹಿ. ಮೂರೂ ಡಬ್ಬಿಯಲ್ಲಿ ಕೂತು ದೂರದ ಊರಿಗೆ ಹೋಗ್ತಾವೆ. ಡಬ್ಬಿಯ ಮೇಲೆ ಅಂಗಡಿಯ ಹೆಸರು ಅಚ್ಚಾಗಿರುತ್ತೆ. ಹಂಗಾಗಿ ಅವುಗಳ ಇತಿಹಾಸ ಬರೆಯೋದು ಸಲೀಸು. ಪೇಡೆಯನ್ನೇ ತಗೊಳ್ಳಿ: ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ್ ಮನೆತನ, ಧಾರವಾಡದ ಲೈನ್ ಬಜಾರ್, ಈಗ ಜಿಐ ಟ್ಯಾಗ್. ಹೆಸರು, ವಿಳಾಸ, ದಾಖಲೆ ಎಲ್ಲಾ ಇದೆ.

ಗಿರ್ಮಿಟ್ಟಿಗೆ ಇದ್ಯಾವುದೂ ಇಲ್ಲ. ಬೈಲಹೊಂಗಲದ ಸಂತಿಯೊಳಗ, ಸವದತ್ತಿಯ ಬಸ್ ಸ್ಟ್ಯಾಂಡಿನ ಮುಂದ, ರಾಮದುರ್ಗದ ಗಾಡಿ ಮ್ಯಾಲೆ, ಕಿತ್ತೂರಿನ ಹೋಟೆಲ್‌ಗಳೊಳಗ ಸಂಜಿ ಆದ್ರ ಸಾಕು, ಮಿರ್ಚಿ ಭಜಿ ಜೋಡಿ ಗಿರ್ಮಿಟ್ ಬೇಕೇ ಬೇಕು. ಆದ್ರೆ ಇದನ್ನ ಮೊದಲು ಕಲಸಿದ ಕೈ ಯಾರದು ಅಂತ ಯಾವ ಬೋರ್ಡೂ ಹೇಳೋದಿಲ್ಲ. ಆದರೂ ಇದು ಇವತ್ತು ಬೆಂಗಳೂರಿನ ಉತ್ತರ ಕರ್ನಾಟಕದ ಹೋಟೆಲ್‌ಗಳ ಮೆನುವಿನಲ್ಲಿದೆ. 2019ರಲ್ಲಿ ಕುಂದಾಪುರ ಸೀಮೆಯ ರವಿ ಬಸ್ರೂರು ಮಕ್ಕಳನ್ನೇ ಇಟ್ಟುಕೊಂಡು ಒಂದು ಸಿನಿಮಾ ಮಾಡಿದಾಗ ಅದಕ್ಕೆ ಇಟ್ಟ ಹೆಸರೂ 'ಗಿರ್ಮಿಟ್'. ಕಂಪನಿ ಇಲ್ಲ, ಜಾಹೀರಾತು ಇಲ್ಲ. ಹಂಗಾದ್ರೆ ಇದನ್ನ ಊರೂರಿಗೆ ಮುಟ್ಟಿಸಿದವರು ಯಾರು?

ಉತ್ತರ ತಿನಿಸಿನೊಳಗೇ ಇದೆ. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ, ಉಳ್ಳಾಗಡ್ಡಿ, ಟೊಮೆಟೊ ಬಾಡಿಸಿ, ಅರಿಷಿಣ, ಉಪ್ಪು, ಹುಣಸಿ ಹುಳಿ, ಚೂರು ಬೆಲ್ಲ ಕೂಡಿಸಿ ಗಟ್ಟಿ ಗೊಜ್ಜು ಮಾಡಬೇಕು. ಅದು ಆರಿದ ಮೇಲೆ ಚುರಮುರಿ, ಪುಠಾಣಿ ಹಿಟ್ಟು ಹಾಕಿ ಕೈಯಿಂದ ಕಲಸಬೇಕು. ಮ್ಯಾಲೆ ಹಸಿ ಉಳ್ಳಾಗಡ್ಡಿ, ಕೊತಂಬರಿ, ಶೇವು. ಗೊಜ್ಜು ತಾಗಿದ ಗಳಿಗೆಯಿಂದ ಚುರಮುರಿ ಮೆತ್ತಗಾಗೋಕೆ ಶುರು. ಹತ್ತು ನಿಮಿಷ ಬಿಟ್ಟರೆ ಮುಗೀತು. ಇದನ್ನ ಧಾರವಾಡದಲ್ಲಿ ಕಟ್ಟಿಸಿಕೊಂಡು ಬೈಲಹೊಂಗಲಕ್ಕೆ ಒಯ್ಯೋದೂ ಆಗದ ಮಾತು. ಅಂದ ಮೇಲೆ ಗಿರ್ಮಿಟ್ ಪ್ರಯಾಣ ಮಾಡೋದಕ್ಕೆ ಇರೋದು ಒಂದೇ ದಾರಿ. ತಿಂದವರು ಅದರ ರುಚಿ ನೆನಪಿಟ್ಟುಕೊಂಡು ಹೋಗಿ, ಹೋದ ಊರಲ್ಲಿ ಮತ್ತೆ ಕಲಸಬೇಕು, ಇಲ್ಲಾ ಕಲಸೋರ ಹತ್ತಿರ ಹಟ ಹಿಡಿದು ಮಾಡಿಸಬೇಕು.

ಇದು ಭಾಳ ಹಳೇ ತಿನಿಸೂ ಅಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಅಡಿಗೆಯನ್ನ ವಿವರವಾಗಿ ಬರೆಸಿದ. ಇಡ್ಲಿ, ದೋಸೆಯ ಪೂರ್ವಜರು ಅದರಲ್ಲಿ ಸಿಗ್ತಾರೆ. ಮೆಣಸಿನಕಾಯಿ ಸಿಗೋದಿಲ್ಲ, ಟೊಮೆಟೊ ಸಿಗೋದಿಲ್ಲ. ಎರಡೂ ಅಮೆರಿಕ ಖಂಡದ ಬೆಳೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು ಅವರಿಂದಲೇ. ಟೊಮೆಟೊ ನಮ್ಮ ಅಡಿಗೆಮನೆಯೊಳಗೆ ಕಾಲಿಟ್ಟಿದ್ದು ಇನ್ನೂ ತಡವಾಗಿ, ಬ್ರಿಟಿಷರ ಕಾಲದಲ್ಲಿ. ಅಂದ್ರೆ ಗಿರ್ಮಿಟ್ ನಮ್ಮ ಅಜ್ಜ-ಮುತ್ತಜ್ಜರ ಕಾಲದ ಪೇಟೆಯ ಕೂಸು.

ಪೇಟೆಯದು ಅನ್ನೋದಕ್ಕೆ ಇನ್ನೊಂದು ಗುರುತು ಚುರಮುರಿ. ಈ ನಾಕು ತಾಲೂಕುಗಳನ್ನ ಪಶ್ಚಿಮದಿಂದ ಪೂರ್ವಕ್ಕೆ ನೋಡ್ತಾ ಬನ್ನಿ. ಕಿತ್ತೂರು ಮಲೆನಾಡಿನ ಸೆರಗು, ಅಲ್ಲಿ ಭತ್ತ ಇದೆ. ಬೈಲಹೊಂಗಲಕ್ಕೆ ಬಂದ್ರೆ ಎರೆಭೂಮಿ, ಹತ್ತಿ. ಸವದತ್ತಿ, ರಾಮದುರ್ಗ ದಾಟುವಷ್ಟರಲ್ಲಿ ಪೂರಾ ಬಯಲುಸೀಮೆ, ಜೋಳ, ಕಡಲೆ. ಇಲ್ಲಿ ಮನೆಯಲ್ಲಿ ಹುರಿಯುತ್ತಿದ್ದದ್ದು ಜೋಳದ ಅರಳು, ನಾಗರ ಪಂಚಮಿಗೆ ಇವತ್ತಿಗೂ ಅದೇ. ಚುರಮುರಿ ಅಕ್ಕಿಯದು, ಬಿಸಿ ಮರಳಿನಲ್ಲಿ ಭಟ್ಟಿಯವರು ಹುರಿಯೋದು, ದುಡ್ಡು ಕೊಟ್ಟು ತರೋದು. ಅದು ಸಂತಿಯ ದಿನ, ಜಾತ್ರಿಯ ದಿನ ಕೈಗೆ ಸಿಗುತ್ತಿದ್ದ ತಿನಿಸು.

ಜಾತ್ರಿ ಅಂದ್ರೆ ಮೊದಲು ನೆನಪಾಗೋದು ಯಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಕರ್ನಾಟಕದಿಂದಲ್ಲದೆ ಮಹಾರಾಷ್ಟ್ರ, ಗೋವಾದಿಂದಲೂ ಮಂದಿ ಬರ್ತಾರೆ. ಹಡ್ಡಲಗಿ ತುಂಬಿಸಲು ಹೋಳಿಗೆ, ಕಡುಬು ಅಲ್ಲೇ ಒಲೆ ಹೂಡಿ ಮಾಡ್ತಾರೆ. ಅದು ದೇವಿಯ ಊಟ. ಗುಡ್ಡ ಇಳಿದ ಮೇಲೆ ಮಕ್ಕಳು ಕೇಳೋದು ಚುರಮುರಿ. ಕೊಲ್ಲಾಪುರದವರ ಭಡಂಗ, ಭೇಳ್ ರುಚಿಯೂ ನಮ್ಮವರ ಒಗ್ಗರಣೆಯೂ ಮುಖಾಮುಖಿ ಆಗಿದ್ದು ಇಂಥ ಜಾತ್ರಿಗಳಲ್ಲೇ ಅಂತ ನನ್ನ ತರ್ಕ. ಜಾತ್ರಿಯ ಹಿಂದೆಯೇ ಕಂಪನಿ ನಾಟಕಗಳು. ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿಕೊಂಡು ಊರೂರು ತಿರುಗಿದವರು. ರಾತ್ರಿಯೆಲ್ಲಾ ನಾಟಕ ನೋಡೋ ಮಂದಿಗೆ ಕಡಿಮೆ ರೊಕ್ಕದಲ್ಲಿ ಹೊಟ್ಟೆ ತುಂಬಿಸೋ ತಿನಿಸು ಬೇಕಿತ್ತು.

ಇನ್ನೊಂದು ಮಾತು ನಾವು ಮರೀತೀವಿ. ಈ ನಾಕೂ ಊರಿಗೆ ರೈಲು ಇಲ್ಲ. ಧಾರವಾಡದಿಂದ ಕಿತ್ತೂರು ಮೇಲೆ ಬೆಳಗಾವಿಗೆ ಹೊಸ ಮಾರ್ಗ ಮಂಜೂರಾಗಿದೆ, ರೈಲು ಇನ್ನೂ ಓಡಬೇಕು. ಹಾಗಾಗಿ ಇಲ್ಲಿನ ರುಚಿ ಓಡಾಡಿದ್ದು ಕೆಂಪು ಬಸ್ಸಿನಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿಗೆ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಓದೋಕೆ ಹೋದ ಹುಡುಗರು ಶನಿವಾರ ಊರಿಗೆ ಬಂದು, 'ಧಾರವಾಡದಾಗ ಹಿಂಗ ಮಾಡ್ತಾರವಾ, ನೀನೂ ಮಾಡು' ಅಂತ ಅವ್ವನ ಹಿಂದೆ ಬಿದ್ದರು. ಲಗ್ನವಾಗಿ ಬಂದ ಸೊಸೆ ತವರಿನ ಪದ್ಧತಿ ತಂದಳು. ಬೆಲ್ಲ ಹಾಕಬೇಕೋ ಬ್ಯಾಡೋ ಅನ್ನೋ ಜಗಳ ಅಲ್ಲಿಂದಲೇ ಶುರುವಾಗಿರಬೇಕು.

ಇದೇನು ನಮ್ಮಲ್ಲಷ್ಟೇ ನಡೆದ ಕಥೆಯಲ್ಲ. ಅಮೆರಿಕದ ಹಾಟ್ ಡಾಗ್ ನೋಡಿ, ಬನ್ನಿನ ನಡುವೆ ಸಾಸೇಜ್, ಅಷ್ಟೇ. ಆದ್ರೆ ಶಿಕಾಗೋದ ಅಭಿಮಾನಿಗಳು ಅದಕ್ಕೆ ಸಾಸಿವೆ, ಉಳ್ಳಾಗಡ್ಡಿ, ಟೊಮೆಟೊ ಹೋಳು, ಉಪ್ಪಿನಕಾಯಿ ಎಲ್ಲಾ ಬೇಕು ಅಂತಾರೆ, ಕೆಚಪ್ ಹಾಕಿದರೆ ಮುಖ ಸಿಂಡರಿಸ್ತಾರೆ. ಡೆಟ್ರಾಯಿಟ್‌ನಲ್ಲಿ ಗ್ರೀಸ್‌ನಿಂದ ವಲಸೆ ಬಂದವರು ಮಾಂಸದ ಖಾರದ ಗೊಜ್ಜು ಸುರಿದು ಕೊಟ್ಟರು. ಅದಕ್ಕೆ ಅಂಟಿದ ಹೆಸರು ಮಾತ್ರ ನ್ಯೂಯಾರ್ಕಿನ ಕೋನಿ ಐಲೆಂಡ್‌ದು! ಒಂದು ಊರಿನ ಶೈಲಿ ಅನ್ನೋದು ಅಡಿಗೆಯವನಷ್ಟೇ ತಿನ್ನೋರೂ ಸೇರಿ ಕಾಯ್ದ ವಸ್ತು.

ನಮ್ಮ ಚುರಮುರಿಯದೂ ಹಂಗೇ. ದಾವಣಗೆರೆಯಲ್ಲಿ ಅದು ನರ್ಗಿಸ್ ಮಂಡಕ್ಕಿ, ಬಳ್ಳಾರಿ-ರಾಯಚೂರು ಕಡೆ ನೀರಲ್ಲಿ ನೆನೆಸಿ ಹಿಂಡಿದ ಒಗ್ಗರಣಿ, ನಮ್ಮಲ್ಲಿ ಗೊಜ್ಜಿನ ಗಿರ್ಮಿಟ್. ಈ ಗೆರೆಗಳನ್ನ ಯಾವ ಸರಕಾರವೂ ಎಳೆದಿಲ್ಲ. ಬೆಂಗಳೂರಿನ ಕೆಲವು ಕಡೆ ಗಿರ್ಮಿಟ್ ಕೇಳಿದರೆ ಸಿಹಿ ಚಟ್ನಿ ಹಾಕಿದ ಭೇಳ್ ಪುರಿ ಬರುತ್ತೆ. ಆಗ 'ಪುಠಾಣಿ ಹಿಟ್ಟು ಎಲ್ಲೈತ್ರಿ ಅಣ್ಣಾರ?' ಅಂತ ಕೇಳುವ ಒಬ್ಬ ರಾಮದುರ್ಗದ ಹುಡುಗ ಇದ್ದರೆ ಮುಂದಿನ ವಾರ ಹಿಟ್ಟು ಬರುತ್ತೆ. ಸುಮ್ಮನೆ ತಿಂದು ಎದ್ದು ಹೋದರೆ ಹೆಸರಷ್ಟೇ ಉಳಿಯುತ್ತೆ, ತಿನಿಸು ಬೇರೆಯಾಗುತ್ತೆ.

ಹೀಗೆ ಹಟ ಹಿಡಿಯುವ ನಮ್ಮ ಮೇಲೆ ಒಂದು ಸಾಲವೂ ಇದೆ. ಗಿರ್ಮಿಟ್ ಬಗ್ಗೆ ಹೊಗಳಿಕೆ ಬೇಕಾದಷ್ಟಿದೆ. ಭಟ್ಟಿಯ ಹೊಗೆಯಲ್ಲಿ ಚುರಮುರಿ ಹುರಿದವರ, ಮೂವತ್ತು-ನಲವತ್ತು ವರ್ಷ ಅದೇ ಮೂಲೆಯಲ್ಲಿ ಗಾಡಿ ನಿಲ್ಲಿಸಿದವರ ಹೆಸರು ಎಲ್ಲೂ ಇಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಐದು ವರ್ಷಕ್ಕೆ ಒಮ್ಮೆಯಾದರೂ ಸಮೀಕ್ಷೆ ನಡೆಯಬೇಕು, ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. ಆ ಪಟ್ಟಿ ಸರಿಯಾಗಿ ಆದರೆ, ಗಾಡಿ ಎತ್ತಿಸೋಕೆ ಬಂದವರ ಮುಂದೆ ತೋರಿಸೋ ಕಾಗದವೂ ಅದೇ, ಮುಂದೊಂದು ದಿನ ಗಿರ್ಮಿಟ್ಟಿನ ಇತಿಹಾಸ ಬರೆಯೋರಿಗೆ ಆಧಾರವೂ ಅದೇ.

ಬೈಲಹೊಂಗಲ, ಸವದತ್ತಿ, ರಾಮದುರ್ಗದಲ್ಲಿ ಪುರಸಭೆ ಇದೆ, ಕಿತ್ತೂರಲ್ಲಿ ಪಟ್ಟಣ ಪಂಚಾಯಿತಿ. ನಿಮ್ಮ ಖಾಯಂ ಗಾಡಿಯ ಕಾಕಾ, ಅಕ್ಕ ಆ ಪಟ್ಟಿಯಲ್ಲಿ ಇದ್ದಾರೋ ಇಲ್ಲೋ ಅಂತ ಒಮ್ಮೆ ಕೇಳಿ. ಇರದಿದ್ದರೆ ಅರ್ಜಿ ತುಂಬಿಕೊಡಿ. ಗಾಡಿ ಯಾವ ವರ್ಷ ಶುರುವಾಯ್ತು, ಗೊಜ್ಜು ಕಲಿಸಿದವರು ಯಾರು ಅಂತಲೂ ಕೇಳಿ ಬರೆದಿಡಿ. ಕೈ ಖಾಲಿ ಇದ್ದಾಗ ಕೇಳಿ. ಗಿರ್ಮಿಟ್ ಕಲಸೋ ಹೊತ್ತಿನಲ್ಲಿ ಮಾತಿಗೆಳೆದರೆ ಚುರಮುರಿ ಮೆತ್ತಗಾಗುತ್ತೆ.