ಬೀಗ ಬಿದ್ದ ಮಿಲ್ಲು, ಬಾಕಿ ಉಳಿದ ಕೂಲಿ



ಮೇ 1ರಂದು ನಾವು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1955ರಲ್ಲಿ ಇದನ್ನು ಸ್ಥಾಪಿಸಿದರು. ಹಬ್ಬದ ಹಿಂದಿನ ವಾರ ಕೆ.ಬಿ. ಬಡಾವಣೆಯಲ್ಲಿ ಮನೆ ಭೇಟಿಗೆ ಹೋಗಿದ್ದಾಗ ಹಿರಿಯರೊಬ್ಬರು ಮಂಚದ ಕೆಳಗಿನಿಂದ ಟ್ರಂಕು ಎಳೆದು, ಹಳೆಯ ಹಾಜರಿ ಕಾರ್ಡುಗಳನ್ನು ನಮ್ಮ ಮುಂದಿಟ್ಟರು. ಅವರು ದುಡಿದ ಮಿಲ್ಲು ಮುಚ್ಚಿ ಎಷ್ಟೋ ವರ್ಷಗಳಾಗಿವೆ. "ಫಾದರ್, ಬ್ಯಾಂಕಿನೋರಿಗೆ ರೊಕ್ಕ ಹೋತು, ನಮಗ್ಯಾಕೆ ಬರ್ಲಿಲ್ಲ?" ಎಂದರು. ಸೆಮಿನರಿಯಲ್ಲಿ ನಾವು ದೈವಶಾಸ್ತ್ರ ಕಲಿತೆವು, ಕಂಪನಿ ಕಾನೂನು ಕಲಿಯಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುದನ್ನು ಇಲ್ಲಿ ಹೇಳುತ್ತಿದ್ದೇವೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲವೊಂದಿತ್ತು. ಹತ್ತಿಗಿರಣಿಗಳ ಸೈರನ್ ಕೇಳಿ ಮನೆಗಳಲ್ಲಿ ಒಲೆ ಹಚ್ಚುತ್ತಿದ್ದರು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ಈ ಊರು ಮೂರು ಬಾರಿ ಶಾಸಕರನ್ನಾಗಿ ಆರಿಸಿತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಗಿರಣಿಗಳು ಒಂದೊಂದಾಗಿ ನಿಂತವು. ಈ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿತು.

ದುಡಿದವನಿಗೆ ನ್ಯಾಯವಾದ ಕೂಲಿ ಸಿಗಬೇಕೆಂದು 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 23ನೇ ವಿಧಿ ಹೇಳುತ್ತದೆ. ನಮ್ಮ ಸಂವಿಧಾನದ 43ನೇ ವಿಧಿಯ ಆಶಯವೂ ಅದೇ. ಆದರೆ ಕಂಪನಿಯೇ ಮುಳುಗಿದರೆ? ಇದ್ದ ಆಸ್ತಿಯನ್ನು ಮಾರಿ ಸಾಲಗಾರರಿಗೆ ಹಂಚುತ್ತಾರೆ. ಆಗ ಸಾಲಿನಲ್ಲಿ ಮೊದಲು ನಿಲ್ಲುವವರು ಯಾರು ಎಂಬುದೇ ಪ್ರಶ್ನೆ. 1956ರ ಕಂಪನಿ ಕಾಯ್ದೆಯಲ್ಲಿ ಅಡಮಾನ ಹಿಡಿದ ಬ್ಯಾಂಕು ತನ್ನ ಪಾಲನ್ನು ಮೊದಲೇ ತೆಗೆದುಕೊಳ್ಳುತ್ತಿತ್ತು. ಉಳಿದುದರಲ್ಲಿ ಸರ್ಕಾರದ ತೆರಿಗೆಯ ಜೊತೆಗೆ ಕಾರ್ಮಿಕನಿಗೆ ನಾಲ್ಕು ತಿಂಗಳಿಗೆ ಮೀರದ ಕೂಲಿ, ಅದಕ್ಕೂ ಒಂದು ಮಿತಿ. ಎಷ್ಟೋ ಸಲ ಉಳಿಯುತ್ತಲೇ ಇರಲಿಲ್ಲ.

1982ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಕಂಪನಿಯನ್ನು ಮುಚ್ಚುವ ಅರ್ಜಿಯ ವಿಚಾರಣೆಯಲ್ಲಿ ಕಾರ್ಮಿಕರಿಗೂ ಮಾತನಾಡುವ ಹಕ್ಕಿದೆ ಎಂದು ತೀರ್ಪಿತ್ತಿತು. ಅಲ್ಲಿಯವರೆಗೆ ಬಂಡವಾಳ ಹಾಕಿದವನಿಗೆ, ಸಾಲ ಕೊಟ್ಟವನಿಗೆ ಬಾಯಿ ಇತ್ತು, ಬೆವರು ಸುರಿಸಿದವನಿಗೆ ಇರಲಿಲ್ಲ. ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಒಪ್ಪಲಿಲ್ಲ. ಅವರಲ್ಲೊಬ್ಬರು ನಮ್ಮ ಮಂಡ್ಯ ಸೀಮೆಯ ಇ.ಎಸ್. ವೆಂಕಟರಾಮಯ್ಯನವರು ಎಂಬುದನ್ನು ಓದಿ ನಮಗೆ ಸ್ವಲ್ಪ ಬೇಸರವೇ ಆಯಿತು. 1985ರಲ್ಲಿ ಸಂಸತ್ತು ಕಾಯ್ದೆಗೆ 529ಎ ಕಲಮನ್ನು ಸೇರಿಸಿ, ಕಾರ್ಮಿಕರ ಬಾಕಿಯನ್ನು ಬ್ಯಾಂಕಿನ ಸಾಲಕ್ಕೆ ಸರಿಸಮನಾಗಿ ನಿಲ್ಲಿಸಿತು. ಕೂಲಿ ಎಂಬುದು ಬಾಲದಲ್ಲಿ ಬರುವ ಭಿಕ್ಷೆಯಲ್ಲವೆಂದು ಕಾನೂನು ಒಪ್ಪಿದ್ದು ಆಗ.

ಈಚಿನ ಗಾಳಿ ಬೇರೆ. 2016ರ ದಿವಾಳಿ ಸಂಹಿತೆ ಆ ಸಮಾನ ಸ್ಥಾನವನ್ನು ಕೊನೆಯ 24 ತಿಂಗಳ ಬಾಕಿಗೆ ಮಾತ್ರ ಕೊಡುತ್ತದೆ; ಪಿ.ಎಫ್., ಗ್ರಾಚ್ಯುಯಿಟಿ ನಿಧಿಗಳನ್ನು ಮಾತ್ರ ಹಂಚಿಕೆಯಿಂದ ಹೊರಗಿಟ್ಟಿದೆ. ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ನಿಯಮ 1976ರಲ್ಲಿ 300 ಕಾರ್ಮಿಕರಿದ್ದ ಕಡೆ ಬಂತು, ಮುಂದೆ 100ಕ್ಕೆ ಇಳಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು ಮತ್ತೆ 300.

ನಮ್ಮ ಹಿರಿಯರ ಮಿಲ್ಲು ಮುಚ್ಚಿದ್ದು 1985ರ ನಂತರ, 2016ಕ್ಕೆ ಬಹಳ ಮೊದಲು. ಅಂದರೆ ಬ್ಯಾಂಕಿನ ಪಕ್ಕದಲ್ಲೇ ಅವರಿಗೂ ಜಾಗವಿತ್ತು. ಆದರೆ ಹಕ್ಕು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಹೈಕೋರ್ಟಿನ ಲಿಕ್ವಿಡೇಟರ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಾಗ, ಗಡುವಿನೊಳಗೆ ದಾಖಲೆ ಸಮೇತ ಅರ್ಜಿ ಹಾಕಬೇಕು. ಪ್ರಕಟಣೆ ಬಂದಾಗ ಇವರು ಕೆಲಸ ಹುಡುಕಿಕೊಂಡು ಊರು ಬಿಟ್ಟಿದ್ದರು. ತಡವಾದವರೂ ನ್ಯಾಯಾಲಯದ ಅನುಮತಿ ಕೇಳಬಹುದು. ಆದರೆ ಆಗಲೇ ಹಂಚಿಹೋದುದನ್ನು ಹಿಂದಕ್ಕೆ ಪಡೆಯಲಾಗದು.

ಮೋಶೆಯ ಧರ್ಮಶಾಸ್ತ್ರ ಕೂಲಿಯನ್ನು ಕೊಡಲು ಕೊಟ್ಟ ಗಡುವು ಅದೇ ದಿನದ ಸೂರ್ಯಾಸ್ತ. ಇವರ ಪಾಲಿಗೆ ಎಷ್ಟು ಸೂರ್ಯಾಸ್ತಗಳಾದವೋ! 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವುಂಟು. ಬರುವ ಸೋಮವಾರ ಅವರ ಕಾರ್ಡುಗಳ ಜೆರಾಕ್ಸ್ ಮಾಡಿಸಿ, ದಾವಣಗೆರೆಯ ಜಿಲ್ಲಾ ನ್ಯಾಯಾಲಯದ ಆವರಣಕ್ಕೆ ಅವರೊಡನೆ ಹೋಗುತ್ತಿದ್ದೇವೆ. ನಿಮ್ಮ ಮನೆಯ ಟ್ರಂಕಿನಲ್ಲೂ ಹಾಜರಿ ಕಾರ್ಡು, ಪಿ.ಎಫ್. ಚೀಟಿ ಇದ್ದರೆ ಭಾನುವಾರದ ಪೂಜೆಗೆ ಬರುವಾಗ ತನ್ನಿ.