ಹಳೆಯ ಕಾರು, ಮುರಿದ ಕ್ರ್ಯಾಂಕು

ಮೋಟಾರು ಪಂದ್ಯಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗೆದ್ದವರ ಹೆಸರುಗಳನ್ನೂ ಕಾರ್ಖಾನೆಗಳ ಕೀರ್ತಿಯನ್ನೂ ದಾಖಲಿಸಿದ್ದಾರೆ. ಆದರೆ ಯಾರೋ ಓಡಿಸಿ ಮಾರಿದ ಕಾರೊಂದನ್ನು ಅಗ್ಗಕ್ಕೆ ಕೊಂಡು, ವಾರವೆಲ್ಲ ಅದರಲ್ಲಿಯೇ ಕೆಲಸಕ್ಕೆ ಹೋಗಿಬಂದು, ರಜೆಯ ದಿನ ಅದನ್ನೇ ಪಂದ್ಯದ ಟ್ರ್ಯಾಕಿಗೆ ಇಳಿಸಿ, ಎಂಜಿನ್ನನ್ನು ಒಡೆದುಕೊಂಡು, ರಾತ್ರಿಗಳನ್ನು ಕಳೆದು ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದ ಸಾಮಾನ್ಯರ ಚರಿತ್ರೆ ಅದಕ್ಕಿಂತ ಕಿರಿದಾದುದಲ್ಲವೆಂದೂ, ಯಂತ್ರವಿದ್ಯೆಯ ಎಷ್ಟೋ ತಿಳಿವಳಿಕೆ ಹುಟ್ಟಿದುದು ಹೊಸದನ್ನು ಕೊಳ್ಳಲಾರದವರ ಕೈಯಲ್ಲಿಯೇ ಎಂದೂ ನಾನು ದೃಢವಾಗಿ ನಂಬಿದ್ದೇನೆ. ಇದಕ್ಕೆ ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿಗಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಾಣದು.

1921ರಲ್ಲಿ ಸರ್ ಹರ್ಬರ್ಟ್ ಆಸ್ಟಿನ್ ಅವರ ಕಂಪೆನಿ ಸಾಲದಲ್ಲಿ ಸಿಲುಕಿ ಪರರ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ, ಚಿಕ್ಕ ಕಾರಿನ ವಿಚಾರ ನಿರ್ದೇಶಕರಿಗೆ ಸಮ್ಮತವಾಗದಿದ್ದರೂ ಅವರು ಹಿಮ್ಮೆಟ್ಟದೆ, ಸ್ಟಾನ್ಲಿ ಎಡ್ಜ್ ಎಂಬ ಹದಿಹರೆಯದ ನಕ್ಷೆಗಾರನನ್ನು ತಮ್ಮ ಮನೆಗೇ ಕರೆಸಿಕೊಂಡು, ಅಲ್ಲಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಈ ಕಾರಿನ ನಕ್ಷೆಗಳನ್ನು ಬರೆಯಿಸಿದರು. 1922ರಲ್ಲಿ ಹೊರಬಂದ ಕಾರಿನ ಎಂಜಿನ್ನು ನಾಲ್ಕು ಸಿಲಿಂಡರುಗಳದು. ಮೊದಲು 696 ಸಿಸಿ, ಸ್ವಲ್ಪ ಕಾಲದಲ್ಲಿಯೇ 747 ಸಿಸಿ. ನಿಮಿಷಕ್ಕೆ 2,400 ಸುತ್ತಿನಲ್ಲಿ ಅದು ಕೊಡುತ್ತಿದ್ದುದು ಹತ್ತೂವರೆ ಅಶ್ವಶಕ್ತಿ. ಬೆಲೆ ಮಧ್ಯಮ ವರ್ಗದ ಕುಟುಂಬಕ್ಕೆ ಎಟುಕಬೇಕಾಗಿದ್ದುದರಿಂದ ಕ್ರ್ಯಾಂಕ್‌ಶಾಫ್ಟಿಗೆ ಮುಂದೊಂದು ಹಿಂದೊಂದು ಹೀಗೆ ಎರಡೇ ಆಧಾರಗಳನ್ನು ಕೊಟ್ಟು, ನಡುವಿನ ಬೇರಿಂಗನ್ನು ಬಿಟ್ಟುಬಿಟ್ಟರು. ಮಡದಿಮಕ್ಕಳೊಡನೆ ಸಂತೆಗೂ ಚರ್ಚಿಗೂ ಹೋಗಿಬರುವ ಕಾರಿಗೆ ಅದು ಧಾರಾಳವಾಗಿ ಸಾಕಾಗಿದ್ದಿತು. 1939ರ ವರೆಗೆ ಸುಮಾರು 2,90,000 ಕಾರುಗಳು ತಯಾರಾದುವು. ಜರ್ಮನಿಯಲ್ಲಿ ಇದನ್ನೇ ಪರವಾನಗಿ ಪಡೆದು ಡಿಕ್ಸಿ ಎಂಬ ಹೆಸರಿನಲ್ಲಿ ಮಾಡುತ್ತಿದ್ದ ಐಸೆನಾಖ್ ಕಾರ್ಖಾನೆಯನ್ನು 1928ರಲ್ಲಿ ಕೊಂಡು ಬಿಎಂಡಬ್ಲ್ಯು ಕಂಪೆನಿ ಕಾರಿನ ವ್ಯವಹಾರಕ್ಕೆ ಕಾಲಿಟ್ಟಿತು.

ಸಂತೆಗೆ ಹೋಗುವ ಕಾರನ್ನು ಪಂದ್ಯಕ್ಕೆ ಒಯ್ಯುವ ಆಸೆ ಬಲುಬೇಗ ಹುಟ್ಟಿತು. ಆಸ್ಟಿನ್ ಅವರ ಅಳಿಯ ಆರ್ಥರ್ ವೇಟ್ 1923ರಲ್ಲಿ ಇಟಲಿಯ ಮೊಂಜಾದಲ್ಲಿ ಸಣ್ಣ ಕಾರುಗಳ ಪಂದ್ಯವನ್ನು ಗೆದ್ದರು. 1930ರಲ್ಲಿ ಸ್ಯಾಮಿ ಡೇವಿಸ್ ಮತ್ತು ಮಾರ್ಚ್ ಪ್ರಭು ಇಬ್ಬರೂ ಸೇರಿ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿಗಳ ಪಂದ್ಯವನ್ನು ಗಂಟೆಗೆ 83 ಮೈಲಿಗೂ ಮೀರಿದ ಸರಾಸರಿಯಲ್ಲಿ ಗೆದ್ದರು. ವೇಬ್ರಿಜ್ಜಿನ ಬಳಿ 1907ರಲ್ಲಿ ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರರು ತಮ್ಮ ಸ್ವಂತ ನೆಲದಲ್ಲಿ ಕಟ್ಟಿಸಿದ ಆ ಕಾಂಕ್ರೀಟಿನ ಟ್ರ್ಯಾಕಿಗೆ ಪಂದ್ಯವಿಲ್ಲದ ದಿನಗಳಲ್ಲಿ ಶುಲ್ಕ ತೆತ್ತು ಸ್ವಂತ ಕಾರನ್ನು ಇಳಿಸಬಹುದಾಗಿದ್ದಿತಾದ್ದರಿಂದ, ಇಂದು ಟ್ರ್ಯಾಕ್ ಡೇ ಎಂದು ಕರೆಯುವ ರೂಢಿಯ ಬೇರು ಅಲ್ಲಿಯೇ ಇದೆಯೆನ್ನಬೇಕು. ಆದರೆ ಕಾರ್ಖಾನೆಯ ಪಂದ್ಯದ ಕಾರುಗಳಲ್ಲಿ ಕ್ರ್ಯಾಂಕಿನ ಒಳಗೇ ರಂಧ್ರ ಕೊರೆದು ಒತ್ತಡದಿಂದ ಎಣ್ಣೆ ಹಾಯಿಸುವ ಏರ್ಪಾಡಿದ್ದಿತು. ಹಳೆಯ ಗಾಡಿಯನ್ನು ಕೊಂಡವನಿಗೆ ದೊರೆತುದು ಮಾತ್ರ ಸಂತೆಯ ಎಂಜಿನ್ನೇ. ಇಬ್ಬರೂ ಒಂದೇ ಟ್ರ್ಯಾಕಿನಲ್ಲಿ ಓಡಿದರು, ಒಡೆಯುತ್ತಿದ್ದುದು ಎರಡನೆಯವನದು.

ಏಕೆ ಒಡೆಯುತ್ತಿದ್ದಿತೆಂಬುದನ್ನು ತುಸು ನಿಧಾನವಾಗಿ ನೋಡೋಣ. ಎರಡೇ ತುದಿಗಳಲ್ಲಿ ಹಿಡಿದ ಸಣ್ಣ ಉಕ್ಕಿನ ದಂಡವನ್ನು ನಾಲ್ಕು ಪಿಸ್ಟನ್ನುಗಳು ಸರದಿಯಂತೆ ತುಳಿಯುತ್ತಿದ್ದರೆ ಅದು ನಡುವಿನಲ್ಲಿ ಬಾಗದೆ ಇರದು. ವೇಗ ಏರಿದಂತೆ ಈ ಬಾಗು ಬಳುಕು ಏರುತ್ತದೆ. ಕ್ರ್ಯಾಂಕಿನ ಕುತ್ತಿಗೆ ಅದರ ತೋಳನ್ನು ಸೇರುವ ಮೂಲೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕೊಂದು ಹುಟ್ಟಿ, ಲಕ್ಷಾಂತರ ಸುತ್ತುಗಳಲ್ಲಿ ಒಳಕ್ಕೆ ಸರಿಯುತ್ತ ಸರಿಯುತ್ತ, ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ದಂಡ ಎರಡಾಗುತ್ತದೆ. ಮೊದಲ ಕಾರುಗಳಲ್ಲಿ ಆ ಕುತ್ತಿಗೆಯ ದಪ್ಪ 1⅛ ಅಂಗುಲ ಮಾತ್ರ. 1930ರ ಸುಮಾರಿಗೆ ಅದು 1 5/16 ಅಂಗುಲವಾಯಿತು. ಮೂರನೆಯ ಬೇರಿಂಗು ಬಂದುದು 1936ರಲ್ಲಿ. ಹಿಂದಿನ ಒಡೆಯ ಆ ದಂಡವನ್ನು ಎಷ್ಟು ದಣಿಸಿದ್ದನೆಂಬುದು ಕೊಂಡವನಿಗೆ ತಿಳಿಯುವಂತಿರಲಿಲ್ಲ. ಹಳೆಯ ಕಾರಿನ ವ್ಯಾಪಾರದಲ್ಲಿ ಹೊರಗಿನ ಬಣ್ಣವನ್ನೂ ಸೀಟಿನ ಚರ್ಮವನ್ನೂ ಕಾಣಬಹುದೇ ಹೊರತು ಉಕ್ಕಿನ ಆಯಾಸವನ್ನು ಕಾಣಲಾಗದು.

ಎಣ್ಣೆಯ ವ್ಯವಸ್ಥೆ ಇದಕ್ಕಿಂತಲೂ ವಿಚಿತ್ರವಾದುದು. ಪಂಪಿನಿಂದ ಬಂದ ಎಣ್ಣೆ ಕ್ರ್ಯಾಂಕ್‌ಕೇಸಿನ ಎರಡು ಸಣ್ಣ ಜೆಟ್ಟುಗಳ ಮೂಲಕ ಚಿಮ್ಮಿ, ತಿರುಗುತ್ತಿರುವ ಕ್ರ್ಯಾಂಕಿನ ರಂಧ್ರಗಳನ್ನು ಹೊಕ್ಕು ಬೇರಿಂಗುಗಳನ್ನು ಸೇರಬೇಕಾಗಿದ್ದಿತು. ಒತ್ತಡ ಅತ್ಯಲ್ಪ, ಎಷ್ಟೋ ಕಾರುಗಳಲ್ಲಿ ಅದನ್ನು ತೋರಿಸಲು ಮೀಟರು ಸಹ ಇರದೆ, ಎಣ್ಣೆ ಹರಿಯುತ್ತಿರುವಾಗ ಡ್ಯಾಶ್‌ಬೋರ್ಡಿನಿಂದ ಹೊರಕ್ಕೆ ಮೂಡಿ ನಿಲ್ಲುವ ಒಂದು ಗುಂಡಿ ಮಾತ್ರವಿದ್ದಿತು. ಜೆಟ್ಟಿನ ಬಾಯಿಗೆ ಒಂದು ಕಸದ ಎಳೆ ಸಿಕ್ಕಿಕೊಂಡರೂ ಒಂದು ಜೋಡಿ ಬೇರಿಂಗುಗಳಿಗೆ ಎಣ್ಣೆ ನಿಂತಂತೆಯೇ. ಆದುದರಿಂದ ಬಲ್ಲವರು ಟ್ರ್ಯಾಕಿಗೆ ಹೊರಡುವ ಮುನ್ನ ಎಂಜಿನ್ನಿನ ಪಕ್ಕದ ಎರಡು ಹಿತ್ತಾಳೆ ತಿರುಪುಗಳನ್ನು ಬಿಚ್ಚಿ, ತೆಳುವಾದ ತಂತಿಯನ್ನು ಜೆಟ್ಟಿನೊಳಗೆ ಹಾಯಿಸಿ ಶುದ್ಧಮಾಡುತ್ತಿದ್ದರು. ದೇಹಶ್ರಮವೂ ಖರ್ಚೂ ಇಲ್ಲದ ಈ ಒಂದು ಕೆಲಸವನ್ನು ಉಪೇಕ್ಷಿಸಿ ಎಂಜಿನ್ ಕಳೆದುಕೊಂಡವರು ಅನೇಕರು.

ಬೇರಿಂಗು ಸೋಲತೊಡಗಿದಾಗ ಮೊದಲು ಬರುವುದು ಸದ್ದು. ವೇಗವರ್ಧಕದ ಮೇಲಿನ ಕಾಲನ್ನು ತುಸು ಸಡಿಲಿಸಿದೊಡನೆ ತಳದಿಂದ ಟಕಟಕನೆ ಕೇಳಿಬರುವ ಆ ಬಡಿತವನ್ನು ಗುರುತಿಸಿದವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗಿನ ಕಿಡಿಯನ್ನು ತಪ್ಪಿಸಿ ನೋಡುತ್ತಾನೆ. ಯಾವ ಸಿಲಿಂಡರಿನ ಕಿಡಿ ತಪ್ಪಿದಾಗ ಬಡಿತ ಇಳಿಯುವುದೋ ಅಲ್ಲಿಯ ಬೇರಿಂಗು ಹೋಗಿದೆಯೆಂದರ್ಥ. ಗುರುತಿಸದೆ ಇನ್ನೊಂದು ಸುತ್ತಿಗೆ ಹೊರಟವನ ಗತಿ ಬೇರೆ: ಕನೆಕ್ಟಿಂಗ್ ರಾಡು ಮುರಿದು ಅಲ್ಯೂಮಿನಿಯಮ್ಮಿನ ಕ್ರ್ಯಾಂಕ್‌ಕೇಸನ್ನು ಸೀಳಿಕೊಂಡು ಹೊರಬೀಳುತ್ತದೆ. ಸಕಾಲದಲ್ಲಿ ನಿಲ್ಲಿಸುವುದೇ ಈ ವಿದ್ಯೆಯ ಮೊದಲ ಪಾಠ; ವೇಗವಾಗಿ ಓಡಿಸುವುದಕ್ಕಿಂತ ಅದು ಕಷ್ಟ.

ಅನಂತರದ ದುರಸ್ತಿ ಒಂದು ಕಸುಬೇ ಆಗಿದ್ದಿತು. ಈ ಎಂಜಿನ್ನಿನ ರಾಡುಗಳಲ್ಲಿ ಇಂದಿನಂತೆ ತೆಗೆದು ಹಾಕುವ ಶೆಲ್ಲುಗಳಿರಲಿಲ್ಲ. ತವರ, ಆಂಟಿಮನಿ, ತಾಮ್ರ ಬೆರೆಸಿದ ಬಿಳಿಲೋಹವನ್ನು ರಾಡಿನ ಕಣ್ಣಿಗೇ ಎರಕ ಹೊಯ್ಯಬೇಕಾಗಿದ್ದಿತು. ಹಳೆಯ ಲೋಹವನ್ನು ಕರಗಿಸಿ ತೆಗೆದು, ಉಕ್ಕನ್ನು ಉಜ್ಜಿ ಬೆಳಗಿ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವಂತೆ ಅದಕ್ಕೆ ತವರದ ಲೇಪ ಕೊಟ್ಟು, ನಡುವೆ ಮಸಿ ಹಿಡಿಸಿದ ಉಕ್ಕಿನ ಗುಂಡುಕಂಬಿಯನ್ನು ನಿಲ್ಲಿಸಿ, ಎಲ್ಲವನ್ನೂ ಕಾಯಿಸಿ, ಕರಗಿದ ಲೋಹದಲ್ಲಿ ಅದ್ದಿದ ಮರದ ಕಡ್ಡಿ ಕಂದುಬಣ್ಣಕ್ಕೆ ತಿರುಗುವಷ್ಟು ಬಿಸಿ ಬಂದಿತೆಂದು ಕಂಡಮೇಲೆ ತಡೆಯಿಲ್ಲದೆ ಒಂದೇ ಧಾರೆಯಲ್ಲಿ ಹೊಯ್ಯುವುದು. ಆರಿದ ಮೇಲೆ ಕೊರೆದು ಅಳತೆಗೆ ತಂದು, ಕ್ರ್ಯಾಂಕಿನ ಕುತ್ತಿಗೆಗೆ ನೀಲಿಬಣ್ಣ ಸವರಿ, ಜೋಡಿಸಿ ತಿರುಗಿಸಿ, ಬಣ್ಣ ಹತ್ತಿದ ಎತ್ತರದ ತಾಣಗಳನ್ನು ಮಾತ್ರ ಚೂಪಾದ ಉಳಿಯಿಂದ ಹೆರೆದು ತೆಗೆಯುವುದು. ಕ್ರ್ಯಾಂಕಿನ ಪರೀಕ್ಷೆಯೂ ಇಷ್ಟೇ ಸರಳ, ಇಷ್ಟೇ ಸೂಕ್ಷ್ಮ: ಸೀಮೆಯೆಣ್ಣೆಯಲ್ಲಿ ನೆನೆಸಿ, ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಹಚ್ಚಿ ಕಾದರೆ, ಬಿರುಕಿನೊಳಗೆ ಅಡಗಿದ್ದ ಎಣ್ಣೆ ಸುಣ್ಣಕ್ಕೆ ಏರಿ ಕೂದಲೆಳೆಯಷ್ಟು ಕಪ್ಪು ಗೆರೆಯಾಗಿ ಕಾಣಿಸುತ್ತದೆ. ಆ ಗೆರೆ ಕಂಡ ದಂಡ ಗುಜರಿಗೆ ಹೋಗಬೇಕು. ಅಲ್ಲಿ ಮೋಹ ಸಲ್ಲದು.

ಯುದ್ಧದೊಡನೆ ಬ್ರೂಕ್‌ಲ್ಯಾಂಡ್ಸ್ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಆದರೆ ಯುದ್ಧದ ಹೊಸ್ತಿಲಲ್ಲಿ, 1939ರಲ್ಲಿ, ಪತ್ರಿಕೋದ್ಯಮಿ ಬಿಲ್ ಬಾಡಿಯವರ ಪ್ರೇರಣೆಯಿಂದ 750 ಕ್ಲಬ್ ಎಂಬ ಸಂಘವೊಂದು ಹುಟ್ಟಿದ್ದಿತು. ಪಶುವೈದ್ಯರಾಗಿದ್ದ ಹಾಲೆಂಡ್ ಬರ್ಕೆಟ್ ಅದರ ಜೀವಾಳವಾದರು. ಆಸ್ಟಿನ್ ಸೆವೆನ್ನಿನ ಚಾಸಿಯನ್ನೂ ಎಂಜಿನ್ನನ್ನೂ ಆಧಾರವಾಗಿಟ್ಟುಕೊಂಡು ಸದಸ್ಯರು ತಾವೇ ಕಾರು ಕಟ್ಟಿ ಸ್ಪರ್ಧಿಸುವ ಪಂದ್ಯವರ್ಗವನ್ನು ಈ ಸಂಘ ನಿಯಮಬದ್ಧವಾಗಿ ರೂಪಿಸಿತು. ಒಬ್ಬನ ಮುರಿದ ಕ್ರ್ಯಾಂಕು ಇನ್ನೊಬ್ಬನಿಗೆ ಪಾಠವಾಗಬೇಕೆಂಬುದು ಅಲ್ಲಿಯ ಸಂಪ್ರದಾಯವಾಯಿತು: ಫ್ಲೈವೀಲ್ ಸಡಿಲವಾದರೆ ಕ್ರ್ಯಾಂಕ್ ಉಳಿಯದು, ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ತೀಡಬೇಕು, ರಾಡುಗಳನ್ನು ತೂಗಿ ಸಮಮಾಡಬೇಕು ಎಂಬಂಥ ಮಾತುಗಳು ಬಾಯಿಂದ ಬಾಯಿಗೆ ಸಾಗಿದುವು. ಎದುರಾಳಿಗೂ ಹೇಳಿಕೊಟ್ಟ ಈ ಔದಾರ್ಯವನ್ನು ನಾನು ಪಂದ್ಯಗಳ ಚರಿತ್ರೆಯಲ್ಲಿ ಬಲು ದೊಡ್ಡ ಸಂಗತಿಯೆಂದು ಎಣಿಸುತ್ತೇನೆ.

ಈ ಶಾಲೆಯ ಶಿಷ್ಯರು ಯಾರೆಂಬುದನ್ನು ಲೋಕ ಬಲ್ಲದು. ವಿದ್ಯಾರ್ಥಿಯಾಗಿದ್ದಾಗಲೇ ಹಳೆಯ ಕಾರುಗಳ ವ್ಯಾಪಾರ ಮಾಡುತ್ತಿದ್ದ ಕಾಲಿನ್ ಚಾಪ್ಮನ್, 1947ರಲ್ಲಿ ಖಾಸಗಿ ಪೆಟ್ರೋಲಿನ ಪಡಿತರ ನಿಂತು ವ್ಯಾಪಾರ ಕುಸಿದಾಗ, ಮಾರಾಟವಾಗದೆ ಉಳಿದ ಒಂದು ಆಸ್ಟಿನ್ ಸೆವೆನ್ನನ್ನು ತನ್ನ ಪ್ರೇಯಸಿಯ ತಂದೆಯ ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಕಟ್ಟಿದುದೇ ಮೊದಲ ಲೋಟಸ್ ಆಯಿತು. 1951ರ ಅವರ ಮೂರನೆಯ ಕಾರು ಒಳಹೋಗುವ ಗಾಳಿಯ ಜೋಡುದಾರಿಗಳನ್ನು ಜಾಣತನದಿಂದ ಬೇರ್ಪಡಿಸಿ ಎಷ್ಟು ವೇಗ ಪಡೆಯಿತೆಂದರೆ, ಆ ಉಪಾಯವನ್ನು ಮುಂದೆ ನಿಯಮದಿಂದಲೇ ನಿಷೇಧಿಸಬೇಕಾಯಿತು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಬ್ರೂಸ್ ಮೆಕ್‌ಲ್ಯಾರೆನ್ ಎಂಬ ಬಾಲಕನ ತಂದೆ ಬಿಡಿಬಿಡಿಯಾಗಿ ಕೊಂಡುತಂದ 1929ರ ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರು, ತಂದೆಮಕ್ಕಳಿಬ್ಬರೂ ಸೇರಿ ಜೋಡಿಸಿದ ಮೇಲೆ, ಆ ಬಾಲಕನ ಮೊದಲ ಪಂದ್ಯದ ಕಾರಾಯಿತು. ಇವರಿಬ್ಬರ ಹೆಸರಿನ ತಂಡಗಳೂ ಮುಂದೆ ಫಾರ್ಮುಲಾ ಒನ್ ಪ್ರಶಸ್ತಿಗಳನ್ನು ಗೆದ್ದುವು.

ಬ್ರೂಕ್‌ಲ್ಯಾಂಡ್ಸ್ ಇಲ್ಲದ ಕಾಲದಲ್ಲಿ ಓಟಗಳು ನಡೆದುದು ಯುದ್ಧ ಮುಗಿದು ಬರಿದಾದ ವಿಮಾನದ ಓಡುದಾರಿಗಳಲ್ಲಿ. ಸಿಲ್ವರ್‌ಸ್ಟೋನ್ ಸಹ ಬಾಂಬರ್ ವಿಮಾನಗಳ ನೆಲೆಯಾಗಿದ್ದಿತು. ನಮ್ಮ ಪಕ್ಕದ ಮದರಾಸಿನ ಬಳಿಯ ಶೋಲಾವರಮ್ಮಿನಲ್ಲಿಯೂ ಅಂಥದೇ ಯುದ್ಧಕಾಲದ ಓಡುದಾರಿ ದಶಕಗಳ ಕಾಲ ಪಂದ್ಯದ ನೆಲವಾಗಿದ್ದಿತು. ಅಡೆತಡೆಯಿಲ್ಲದ ಆ ಉದ್ದನೆಯ ನೇರ ದಾರಿ ಎಂಜಿನ್ನಿಗೆ ಉಪಕಾರಿಯಲ್ಲ. ಉಸಿರಾಡಲು ಬಿಡುವಿಲ್ಲದೆ ಪೂರ್ಣವೇಗದಲ್ಲಿ ಓಡುವ ಹಳೆಯ ಬೇರಿಂಗಿನ ದೋಷವೆಲ್ಲ ಅಲ್ಲಿ ಹೊರಬೀಳುತ್ತದೆ.

ಕಾಲ ಕಳೆದಂತೆ ಆಸ್ಟಿನ್ನಿನ ಬಿಡಿಭಾಗಗಳು ದುರ್ಲಭವಾದುವು. ಸಂಘ ತನ್ನ ಪಂದ್ಯವರ್ಗಕ್ಕೆ ಮೊದಲು ರಿಲಯಂಟ್ ಕಂಪೆನಿಯ ಅಲ್ಯೂಮಿನಿಯಂ ಎಂಜಿನ್ನನ್ನೂ, ಅದೂ ಮುಗಿಯುತ್ತ ಬಂದಾಗ ಫಿಯಟ್ ಎಂಜಿನ್ನನ್ನೂ ಒಪ್ಪಿಕೊಂಡಿತು; ಗುಜರಿಯಲ್ಲಿ ಸುಲಭವಾಗಿ ದೊರೆಯಬೇಕೆಂಬ ಹಳೆಯ ತತ್ತ್ವವನ್ನು ಮಾತ್ರ ಬಿಡಲಿಲ್ಲ. ಹಳೆಯ ಆಸ್ಟಿನ್ನುಗಳನ್ನು ಇಂದಿಗೂ ಟ್ರ್ಯಾಕಿಗೆ ಇಳಿಸುವವರಿದ್ದಾರೆ. ಅವರಿಗಾಗಿ ಉತ್ತಮ ಉಕ್ಕಿನ ಹೊಸ ಕ್ರ್ಯಾಂಕುಗಳನ್ನು ತಯಾರಿಸುತ್ತಾರೆ; ಬಿಳಿಲೋಹಕ್ಕೆ ಬದಲು ಶೆಲ್ಲು ಬೇರಿಂಗಿನ ರಾಡುಗಳೂ ಸಿಗುತ್ತವೆ. ಇದರಿಂದ ಕಾರಿನ ಶುದ್ಧತೆ ಕೆಟ್ಟಿತೆಂದು ಆಕ್ಷೇಪಿಸುವವರ ಮಾತನ್ನು ನಾನು ಒಪ್ಪಲಾರೆ. ಮುರಿದ ದಂಡವನ್ನು ಇನ್ನೂ ಗಟ್ಟಿಯಾದುದರಿಂದ ಬದಲಿಸುವುದೇ ಈ ಕಾರನ್ನು ಮೊದಲಿನಿಂದಲೂ ಓಡಿಸಿದವರ ಪದ್ಧತಿಯಾಗಿದ್ದಿತು.