ಮೈಮೇಲೆ ಕೂದಲಿಲ್ಲದ ನಾಯಿಯ ಕಥೆ

2017ರಲ್ಲಿ ಬಂದ 'ಕೋಕೋ' ಸಿನಿಮಾ ನೋಡಿದವರಿಗೆ ದಾಂತೆ ನೆನಪಿರಬಹುದು. ನಾಲಿಗೆ ಒಂದು ಕಡೆ ಜೋತುಬಿಟ್ಟುಕೊಂಡು, ಬೋಳು ಮೈಯಲ್ಲಿ, ಹುಡುಗನ ಹಿಂದೆ ಸತ್ತವರ ಲೋಕದವರೆಗೂ ಹೋಗುವ ಬೀದಿನಾಯಿ. ಅಂಥ ನಾಯಿ ನಿಜಕ್ಕೂ ಇದೆ ಕಣ್ರೀ. ಹೆಸರು ಮಾತ್ರ ಬಾಯಲ್ಲಿ ಹೊರಳುವುದಿಲ್ಲ: ಷೋಲೋಇಟ್ಸ್‌ಕ್ವಿಂಟ್ಲಿ. ಸಾಕುವವರೇ ಷೋಲೋ ಅಂತ ಮೊಟಕು ಮಾಡಿಕೊಂಡಿದ್ದಾರೆ, ನಾನೂ ಹಾಗೇ ಬರೀತೀನಿ.

ಅಜ್ಟೆಕ್ಕರ ನಹುವಾಟಲ್ ಭಾಷೆಯಲ್ಲಿ ಇಟ್ಸ್‌ಕ್ವಿಂಟ್ಲಿ ಅಂದರೆ ನಾಯಿ. ಅವರ ಇಪ್ಪತ್ತು ದಿನಗಳ ಸರಣಿಯಲ್ಲಿ ಹತ್ತನೇ ದಿನದ ಹೆಸರೂ ಅದೇ. ಷೋಲೋಟ್ಲ್ ಅನ್ನುವವನು ನಾಯಿ ತಲೆಯ ದೇವರು, ಕ್ವೆಟ್ಜಲ್‌ಕೋಟ್ಲ್‌ನ ಅವಳಿ. ಈ ಎರಡೂ ಸೇರಿ ನಾಯಿಯ ಹೆಸರಾಯಿತು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲೆಲ್ಲೂ ಒಂದೇ ಮಾತು: ಸತ್ತವನನ್ನು ಪಾತಾಳದ ನದಿ ದಾಟಿಸುವುದು ಈ ಬೋಳು ನಾಯಿ ಅಂತ. ನಮ್ಮ ಧರ್ಮರಾಯನ ಹಿಂದೆ ಹೋದ ನಾಯಿ ನೆನಪಾಯಿತಾ? ನನಗೂ ಆಯಿತು. ಅವೆರಡಕ್ಕೂ ನಂಟು ಕಟ್ಟುವ ಸಾಹಸ ನನಗೆ ಬೇಡ, ಅದಕ್ಕೆ ಬೇರೆ ಜನ ಇದ್ದಾರೆ :)

ಈ ನಂಬಿಕೆಯನ್ನು ಬರೆದಿಟ್ಟವನು ಹದಿನಾರನೇ ಶತಮಾನದ ಪಾದ್ರಿ ಬೆರ್ನಾರ್ದಿನೋ ದೆ ಸಹಗುನ್. ಅವನ ಪ್ರಕಾರ ಹೆಣದ ಜೊತೆ ಹೋಗುವ ನಾಯಿಯ ಕೊರಳಿಗೆ ಹತ್ತಿಯ ದಾರ ಕಟ್ಟುತ್ತಿದ್ದರು. ಬಿಳಿ ನಾಯಿ "ನಾನು ಈಗಷ್ಟೇ ಮೈ ತೊಳೆದುಕೊಂಡೆ" ಅನ್ನುತ್ತದಂತೆ, ಕರಿ ನಾಯಿ "ಈಗಷ್ಟೇ ಮೈಗೆ ಕಲೆ ಮಾಡಿಕೊಂಡೆ" ಅನ್ನುತ್ತದಂತೆ. ಆದ್ದರಿಂದ ನದಿ ದಾಟಿಸಲು ಆಗುತ್ತಿದ್ದದ್ದು ಕೆಂಚು ನಾಯಿಗೆ ಮಾತ್ರ. ಇಲ್ಲಿ ಒಂದು ತಮಾಷೆ ಇದೆ. ಸಹಗುನ್ ಹೇಳುವುದು ಕೆಂಚು *ಕೂದಲಿನ* ನಾಯಿ! ಬೋಳು ನಾಯಿಯ ಮಾತು ಅವನ ಪುಸ್ತಕದಲ್ಲಿ ಬೇರೆ ಕಡೆ, ಪ್ರಾಣಿಗಳ ವಿವರದಲ್ಲಿ ಬರುತ್ತದೆ. ಕೆಲವು ಹುಟ್ಟಾ ಬೋಳು, ಇನ್ನು ಕೆಲವಕ್ಕೆ ಮರಿಯಾಗಿದ್ದಾಗಲೇ ಒಂದು ಬಗೆಯ ಅಂಟು ಸವರಿ ಕೂದಲು ಉದುರಿಸುತ್ತಿದ್ದರು ಅಂತ ಅಲ್ಲಿದೆ. ಅಂದರೆ ಎರಡು ನಾಯಿಗಳನ್ನು ಆಮೇಲಿನವರು ಸೇರಿಸಿ ಒಂದು ಮಾಡಿದ್ದಾರೆ ಅಂತಲೇ ನನ್ನ ಅನಿಸಿಕೆ.

ದೇವರ ನಾಯಿ ಅಂತ ಕೈಮುಗಿಯುತ್ತಾ ಕೂರಲಿಲ್ಲ ಅಜ್ಟೆಕ್ಕರು. ನಾಯಿ ಸಾಕಿ ತಿನ್ನುತ್ತಿದ್ದರು. ಅಕೋಲ್ಮಾನ್ ಊರಿನ ಸಂತೆಯಲ್ಲಿ ನಾನೂರಕ್ಕೂ ಹೆಚ್ಚು ನಾಯಿ ಮಾರಾಟಕ್ಕಿದ್ದದ್ದನ್ನು ದಿಯೆಗೋ ದುರಾನ್ ಅನ್ನುವ ಇನ್ನೊಬ್ಬ ಪಾದ್ರಿ ಕಣ್ಣಾರೆ ನೋಡಿ ಬರೆದಿದ್ದಾನೆ.

1521ರಲ್ಲಿ ಅಜ್ಟೆಕ್ಕರ ರಾಜಧಾನಿ ಬಿತ್ತು. ಹಂದಿ, ದನ, ಕುರಿ ಬಂದವು. ಯುರೋಪಿನ ನಾಯಿಗಳೂ ಬಂದವು, ಬೆರೆತವು. ಹಳೆ ದೇವರುಗಳ ಜೊತೆ ನಾಯಿಯ ಮರ್ಯಾದೆಯೂ ಹೋಯಿತು. ದೂರದ ಹಳ್ಳಿಗಳಲ್ಲಿ ಒಂದಷ್ಟು ಉಳಿದವು, ಅದೂ ಬಿಸಿನೀರಿನ ಚೀಲದ ಹಾಗೆ: ಕೈಕಾಲು ನೋವು ಇದ್ದವರು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದರು. (ಅದರ ಮೈಯ ಶಾಖ ಬೇರೆ ನಾಯಿಗಳಷ್ಟೇ. ನಡುವೆ ಕೂದಲಿಲ್ಲದ್ದರಿಂದ ನಮ್ಮ ಕೈಗೆ ಜಾಸ್ತಿ ಅನ್ನಿಸುತ್ತದೆ, ಅಷ್ಟೆ.)

ಇಪ್ಪತ್ತನೇ ಶತಮಾನದಲ್ಲಿ ಫ್ರೀಡಾ ಕಾಲೋ, ದಿಯೆಗೋ ರಿವೇರಾ ದಂಪತಿ ಇವನ್ನು ಸಾಕಿದರು. ಫ್ರೀಡಾಳ 1949ರ ಒಂದು ಚಿತ್ರದ ಹೆಸರಿನಲ್ಲೇ 'ಸೆನ್ಯೋರ್ ಷೋಲೋಟ್ಲ್' ಇದ್ದಾನೆ, ಅವಳ ನಾಯಿ. 1954ರಲ್ಲಿ ನಾರ್ಮನ್ ಪೆಲ್‌ಹ್ಯಾಮ್ ರೈಟ್ ಎಂಬ ಬ್ರಿಟಿಷ್ ಮನುಷ್ಯ ಜೊತೆಗಾರರನ್ನು ಕಟ್ಟಿಕೊಂಡು ಗೆರೆರೋ ಸೀಮೆಯ ಹಳ್ಳಿಗಳನ್ನು ಸುತ್ತಿ ಹತ್ತು ಒಳ್ಳೆಯ ನಾಯಿಗಳನ್ನು ತಂದ. ತಳಿ ಮತ್ತೆ ಬೆಳೆದದ್ದು ಅಲ್ಲಿಂದ. 1956ರಲ್ಲಿ ಮೆಕ್ಸಿಕೋ ಮಾನ್ಯತೆ ಕೊಟ್ಟಿತು. ಅಮೆರಿಕದವರು ಮಾತ್ರ, 1887ರಲ್ಲೇ ಮೊದಲ ನಾಯಿಯನ್ನು ದಾಖಲಿಸಿಕೊಂಡವರು, 1959ರಲ್ಲಿ 'ಸಂಖ್ಯೆ ಕಡಿಮೆ' ಅಂತ ತಮ್ಮ ಪಟ್ಟಿಯಿಂದ ಕಿತ್ತುಹಾಕಿದರು. ಸಂಖ್ಯೆ ಕಡಿಮೆ ಇದ್ದಾಗಲೇ ಅಲ್ಲವೇ ಪಟ್ಟಿಯಲ್ಲಿ ಇರಬೇಕಾದ್ದು?

ಸಾಕುವವರ ಪಾಡು ಒಂದಿಷ್ಟು ಹೇಳಬೇಕು. ಚಿಕ್ಕ ಜಾತಿಯದು 25ರಿಂದ 35 ಸೆಂಟಿಮೀಟರ್ ಎತ್ತರ, ದೊಡ್ಡದು 60ರವರೆಗೆ. ಚಿಕ್ಕದಕ್ಕೆ ಚಳಿ ಬೇಗ ತಾಗುತ್ತದೆ, ಸ್ವೆಟರ್ ಬೇಕೇ ಬೇಕು. ತಿಳಿ ಬಣ್ಣದ ಚರ್ಮ ಬಿಸಿಲಿಗೆ ಸುಡುತ್ತದೆ. ಹರೆಯಕ್ಕೆ ಬಂದಾಗ ನಮ್ಮ ಹುಡುಗರ ಹಾಗೆ ಮೊಡವೆ! ಅಂತ ದಿನಾ ಸೋಪು ಹಾಕಿ ತಿಕ್ಕಿದರೆ ಚರ್ಮ ಒಣಗಿ ಇನ್ನೂ ಕೆಡುತ್ತದೆ.

ಬಾಯಲ್ಲಿ ಹಲ್ಲೂ ಕಮ್ಮಿ. ದಾಂತೆಯ ನಾಲಿಗೆ ಜಾರುವುದು ಅದಕ್ಕೇ. ಯಾಕೆ ಅಂತ 2008ರಲ್ಲಿ ಗೊತ್ತಾಯಿತು: ಫಾಕ್ಸ್‌ಐ3 ಎಂಬ ವಂಶವಾಹಿಯಲ್ಲಿ ಏಳು ಅಕ್ಷರ ಎರಡು ಸಲ ಅಚ್ಚಾಗಿವೆ. ಕೂದಲು, ಹಲ್ಲು ಎರಡಕ್ಕೂ ಪೆಟ್ಟು ಅಲ್ಲಿಂದಲೇ. ಪೆರುವಿನ ಬೋಳು ನಾಯಿಯಲ್ಲೂ, ಚೈನೀಸ್ ಕ್ರೆಸ್ಟೆಡ್‌ನಲ್ಲೂ ಅದೇ ತಪ್ಪಚ್ಚು. ತಂದೆ ತಾಯಿ ಇಬ್ಬರಿಂದಲೂ ಅದು ಬಂದರೆ ಮರಿ ಗರ್ಭದಲ್ಲೇ ಸಾಯುತ್ತದೆ. ಹಾಗಾಗಿ ಬದುಕಿರುವ ಪ್ರತಿ ಬೋಳು ನಾಯಿಯೂ ಕೂದಲಿನ ವಂಶವಾಹಿಯನ್ನೂ ಹೊತ್ತೇ ಇರುತ್ತದೆ. ಎರಡು ಬೋಳು ನಾಯಿ ಕೂಡಿಸಿದರೂ ಹುಟ್ಟುವ ಮೂರು ಮರಿಗೆ ಸರಾಸರಿ ಒಂದಕ್ಕೆ ಮೈತುಂಬಾ ಕೂದಲು, ಬಾಯಿತುಂಬಾ ಹಲ್ಲು. ತಳಿ ಮುಂದುವರಿಯಲು ಅವೂ ಬೇಕು. 2011ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಷೋಲೋವನ್ನು ವಾಪಸ್ ಸೇರಿಸಿಕೊಂಡಿತು. ಕೂದಲಿರುವ ಮರಿಗಳಿಗೂ ಅಲ್ಲಿ ಜಾಗವಿದೆ.